ಗ್ಯಾಸ್ಟ್ರೋ ತಗೋಬೇಕು ಅಂತಿದ್ದೀರಾ? ಯಾವ ಕವಲು, ಯಾವ ಸೆಂಟರ್

ಮೆಡಿಸಿನ್ ಮುಗಿಸುವ ಹೊತ್ತಿಗೆ ಬಂದಿರುವ ಕಿರಿಯ ಡಾಕ್ಟರುಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಗ್ಯಾಸ್ಟ್ರೋ ಮಾಡಬೇಕು ಅಂತ ಆಸೆ ಸರ್, ಯಾವ ಸೆಂಟರ್ ಒಳ್ಳೆಯದು?" ಗ್ಯಾಸ್ಟ್ರೋ ಅಂದರೆ ಹೊಟ್ಟೆ, ಕರುಳು, ಲಿವರ್‌ಗಳ ವೈದ್ಯಶಾಸ್ತ್ರ. ನಾನು ತಿರುಗಿ ಕೇಳುತ್ತೇನೆ: "ಗ್ಯಾಸ್ಟ್ರೋದಲ್ಲಿ ನಿಮಗೆ ಏನು ಇಷ್ಟ?" "ಸ್ಕೋಪ್" ಅಂತಾರೆ, ಅಂದರೆ ದೇಹದೊಳಗೆ ಇಳಿಸಿ ನೋಡುವ ಕ್ಯಾಮೆರಾ ಕೊಳವೆ. ತಪ್ಪೇನಿಲ್ಲ. ನನ್ನನ್ನೂ ಮೊದಲು ಸೆಳೆದಿದ್ದು ಅದೇ. ರಕ್ತ ಕಾರುತ್ತಿರುವವರ ಹೊಟ್ಟೆಯೊಳಗೆ ಸ್ಕೋಪ್ ಇಳಿಸಿ, ಹುಣ್ಣಿನ ಬಾಯಿಗೆ ಕ್ಲಿಪ್ ಹಾಕಿ, ಕಣ್ಣೆದುರೇ ರಕ್ತ ನಿಲ್ಲುವುದನ್ನು ನೋಡಿದ ಮೇಲೆ ಬೇರೆ ವಿಷಯ ಮನಸ್ಸಿಗೆ ಹಿಡಿಸುವುದು ಕಷ್ಟ.

ಆದರೆ ಸ್ಕೋಪ್ ರೂಮಿನ ಕೆಲಸ ಎಲ್ಲ ಕವಲುಗಳಲ್ಲೂ ಇದೆ. ಕವಲುಗಳು ಬೇರೆಯಾಗುವುದು ಆ ರೂಮಿನಿಂದ ಹೊರಗೆ ಬಂದ ಮೇಲೆ. ಲಿವರ್ ತಜ್ಞರ ಮಧ್ಯಾಹ್ನಕ್ಕೂ ಇಆರ್‌ಸಿಪಿ (ಸ್ಕೋಪ್ ಮೂಲಕ ಪಿತ್ತನಾಳದ ಕೆಲಸ) ಮಾಡುವವರ ಮಧ್ಯಾಹ್ನಕ್ಕೂ ಹೋಲಿಕೆಯೇ ಇಲ್ಲ. ಹಾಗಾಗಿ ಕವಲನ್ನು ಆರಿಸುವಾಗ ಸ್ಕೋಪ್ ರೂಮಿನ ಹೊರಗಿನ ಕೆಲಸವನ್ನು ನೋಡಿ. ಸೆಂಟರ್ ಆರಿಸುವಾಗ ಸ್ಕೋಪ್ ರೂಮಿನ ಒಳಗೆ ನೋಡಿ: ಕಲಿಯುವವರ ಕೈಗೆ ಸ್ಕೋಪ್ ಎಷ್ಟು ಸಲ ಸಿಗುತ್ತದೆ, ಬೆನ್ನ ಹಿಂದೆ ಯಾರು ನಿಂತಿರುತ್ತಾರೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಸ್ಕೋಪ್ ನೋಡಿ ಕವಲು ಆರಿಸುತ್ತಾರೆ, ಹೆಸರು ನೋಡಿ ಸೆಂಟರ್ ಆರಿಸುತ್ತಾರೆ.

ವರ್ಷಗಳ ಲೆಕ್ಕ

ಅಮೆರಿಕದಲ್ಲಿ ಮೆಡಿಕಲ್ ಕಾಲೇಜು ಮುಗಿದ ಮೇಲೆ 3 ವರ್ಷ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ, ಆಮೇಲೆ 3 ವರ್ಷ ಗ್ಯಾಸ್ಟ್ರೋ ಫೆಲೋಶಿಪ್. ಆ 3 ವರ್ಷದಲ್ಲಿ ಕನಿಷ್ಠ 18 ತಿಂಗಳು ರೋಗಿಗಳನ್ನು ನೋಡುವ ಕೆಲಸ ಇರಲೇಬೇಕು. ಉಳಿದ ಸಮಯದಲ್ಲಿ ಸಂಶೋಧನೆಗೆ ಜಾಗ ಸಿಗುತ್ತದೆ. ಬ್ರಿಟನ್ನಿನಲ್ಲಿ 2 ವರ್ಷ ಫೌಂಡೇಶನ್, 3 ವರ್ಷ ಮೆಡಿಸಿನ್, ಆಮೇಲೆ ಗ್ಯಾಸ್ಟ್ರೋ. ಈ ಕೊನೆಯ ಹಂತ ಮೊದಲು 5 ವರ್ಷ ಇತ್ತು. 2022ರ ಹೊಸ ಪಠ್ಯಕ್ರಮದಲ್ಲಿ ಅದು 4 ವರ್ಷಕ್ಕೆ ಇಳಿಯಿತು. ಅದರ ಜೊತೆಗೇ ಜನರಲ್ ಮೆಡಿಸಿನ್ ಡ್ಯೂಟಿಯೂ ನಡೆಯುತ್ತಿರುತ್ತದೆ. ಭಾರತದಲ್ಲಿ ಮೆಡಿಸಿನ್ ಎಂ.ಡಿ. ಅಥವಾ ಡಿಎನ್‌ಬಿ ಆದ ಮೇಲೆ ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ ಬರೆದು 3 ವರ್ಷದ ಡಿ.ಎಂ. ಅಥವಾ ಡಿಆರ್‌ಎನ್‌ಬಿ ಸೂಪರ್‌ಸ್ಪೆಷಾಲಿಟಿ ಕೋರ್ಸ್ ಸೇರಬೇಕು.

ಕಾಗದದ ಮೇಲೆ 3 ವರ್ಷ, 4 ವರ್ಷ ಅಂತ ಕಾಣುವುದನ್ನು ಹೋಲಿಸಿ ಪ್ರಯೋಜನ ಕಡಿಮೆ. ಒಳಗೆ ಏನಿದೆ ಅನ್ನುವುದನ್ನು ಹೋಲಿಸಿ. ಜನರಲ್ ಮೆಡಿಸಿನ್ ಡ್ಯೂಟಿ ಸ್ಕೋಪ್ ದಿನಗಳನ್ನು ನುಂಗಿಬಿಟ್ಟರೆ 4 ವರ್ಷವೂ ಸಾಲದು. ಮೂರೂ ವರ್ಷ ಪೂರ್ತಿ ಗ್ಯಾಸ್ಟ್ರೋ ಇದ್ದರೂ ಮೊದಲ ವರ್ಷ ಬರೀ ವಾರ್ಡಿನ ಕಾಗದಪತ್ರದಲ್ಲಿ ಕಳೆದರೆ ಉಳಿಯುವುದು ಎರಡೇ.

ಸಾಮಾನ್ಯ ಗ್ಯಾಸ್ಟ್ರೋ

ಇದನ್ನು "ಬರೀ ಜನರಲ್ ಗ್ಯಾಸ್ಟ್ರೋ" ಅಂತ ಹೇಳುವವರನ್ನು ಕೇಳಿದರೆ ನನಗೆ ಬೇಜಾರಾಗುತ್ತದೆ. ಹೆಚ್ಚಿನ ರೋಗಿಗಳಿಗೆ ಬೇಕಾಗಿರುವುದು ಈ ಡಾಕ್ಟರೇ. ಎದೆಯುರಿ, ಹೊಟ್ಟೆನೋವು, ರಕ್ತಹೀನತೆ, ತಿಂಗಳುಗಟ್ಟಲೆ ಭೇದಿ, ಕಾಮಾಲೆ, ನುಂಗಲು ತೊಂದರೆ, ಮಲದಲ್ಲಿ ರಕ್ತ ಎಲ್ಲವೂ ಮೊದಲು ಬರುವುದು ಇಲ್ಲಿಗೆ. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದ ಆರಂಭದಲ್ಲಿ ಜಠರದ ಹುಣ್ಣಿಗೂ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾಕ್ಕೂ ಇರುವ ಸಂಬಂಧ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಒಂದು ಕಾಲದಲ್ಲಿ ಆಪರೇಶನ್ ಆಗುತ್ತಿದ್ದ ಹುಣ್ಣುಗಳು ಈಗ ಎರಡು ವಾರದ ಮಾತ್ರೆಯಲ್ಲಿ ವಾಸಿಯಾಗುತ್ತವೆ. ಆ ಮಾತ್ರೆ ಬರೆಯುವುದು ಈ "ಬರೀ" ಡಾಕ್ಟರು.

ದೊಡ್ಡ ಕರುಳನ್ನು ಸ್ಕೋಪಿನಿಂದ ನೋಡುವ ಕೊಲೊನೋಸ್ಕೋಪಿಯನ್ನೇ ತಗೊಳ್ಳಿ. ಎಲ್ಲರೂ ಮಾಡುವ ಕೆಲಸ ಅಂತ ಅದನ್ನು ಹಗುರವಾಗಿ ಕಾಣುತ್ತಾರೆ. ಆದರೆ ಒಬ್ಬ ಡಾಕ್ಟರ್ ಮಾಡುವ ಕೊಲೊನೋಸ್ಕೋಪಿಗೂ ಇನ್ನೊಬ್ಬರು ಮಾಡುವುದಕ್ಕೂ ಇರುವ ವ್ಯತ್ಯಾಸ ರೋಗಿಯ ಜೀವಕ್ಕೆ ತಟ್ಟುತ್ತದೆ. ಅದನ್ನು ಅಳೆಯುವ ಅಳತೆಗೋಲೂ ಇದೆ: ನೂರು ಜನರನ್ನು ಪರೀಕ್ಷಿಸಿದರೆ ಎಷ್ಟು ಜನರಲ್ಲಿ ಅಡಿನೋಮಾ ಅನ್ನುವ ಗಡ್ಡೆ ಸಿಕ್ಕಿತು ಅನ್ನುವ ಲೆಕ್ಕ. ಮುಂದೆ ಕ್ಯಾನ್ಸರ್ ಆಗಬಹುದಾದ ಗಡ್ಡೆ ಇದು. ಈ ಪ್ರಮಾಣ 1% ಏರಿದರೆ, ಮುಂದೆ ಆ ರೋಗಿಗಳಲ್ಲಿ ಕರುಳಿನ ಕ್ಯಾನ್ಸರ್ ಕಾಣಿಸಿಕೊಳ್ಳುವ ಅಪಾಯ ಸುಮಾರು 3% ಇಳಿಯುತ್ತದೆ ಅಂತ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಅಮೆರಿಕದ ತಜ್ಞ ಸಂಘಗಳು 2015ರಲ್ಲಿ ಇದು ಕನಿಷ್ಠ 25% ಇರಬೇಕು ಅಂದಿದ್ದವು. 2024ರಲ್ಲಿ 35%ಕ್ಕೆ ಏರಿಸಿದವು. ಸ್ಕೋಪನ್ನು ಹೊರಗೆ ಎಳೆಯುತ್ತಾ ನೋಡುವ ಸಮಯವನ್ನೂ 6 ನಿಮಿಷದಿಂದ 8ಕ್ಕೆ ಹೆಚ್ಚಿಸಿದರು. ಎರಡು ನಿಮಿಷ ಜಾಸ್ತಿ, ಅಷ್ಟೇ. ಆ ಎರಡು ನಿಮಿಷದ ತಾಳ್ಮೆ ಕಲಿಯುವುದೇ ಒಂದು ತರಬೇತಿ.

ಯಾರಿಗೆ ಇದು ಸರಿ? ದಿನಕ್ಕೊಂದು ತರಹದ ರೋಗಿ ಬೇಕು ಅನ್ನುವವರಿಗೆ. ಗೊತ್ತಿಲ್ಲದ ಹೊಟ್ಟೆನೋವಿನ ಹಿಂದೆ ಬೀಳುವುದು ಖುಷಿ ಕೊಡುವವರಿಗೆ. ದೊಡ್ಡ ಆಸ್ಪತ್ರೆಗೇ ಅಂಟಿಕೊಳ್ಳದೆ ಎಲ್ಲಿ ಬೇಕಾದರೂ ಕೆಲಸ ಮಾಡಬೇಕು ಅನ್ನುವವರಿಗೂ ಇದೇ ಸುಲಭ.

ಇಆರ್‌ಸಿಪಿ, ಇಯುಎಸ್: ಮುಂದುವರಿದ ಎಂಡೋಸ್ಕೋಪಿ

ಕಿರಿಯರ ಕಣ್ಣು ಹೆಚ್ಚಾಗಿ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಆರ್‌ಸಿಪಿ ಮೊದಲು ಆಗಿದ್ದು 1968ರಲ್ಲಿ. ಪಿತ್ತನಾಳದ ಬಾಯನ್ನು ಸ್ಕೋಪ್ ಮೂಲಕವೇ ಕೊಯ್ದು ಕಲ್ಲು ತೆಗೆಯುವ ಕೆಲಸ 1974ರಲ್ಲಿ ಜರ್ಮನಿ ಮತ್ತು ಜಪಾನಿನಲ್ಲಿ ಶುರುವಾಯಿತು. ಆಗ ಬರೀ ರೋಗ ಪತ್ತೆ ಮಾಡುವುದಕ್ಕೂ ಇಆರ್‌ಸಿಪಿ ಮಾಡುತ್ತಿದ್ದರು. ಸುಲಭದ ಕೇಸುಗಳು ಬೇಕಾದಷ್ಟು ಇದ್ದವು. ಕಲಿಯುವವರು ಅವುಗಳಲ್ಲಿ ಕೈ ಪಳಗಿಸಿಕೊಳ್ಳುತ್ತಿದ್ದರು. ಆಮೇಲೆ ಎಂಆರ್‌ಐ ಬಂತು, ಸ್ಕೋಪಿನ ತುದಿಯಿಂದ ಅಲ್ಟ್ರಾಸೌಂಡ್ ಮಾಡುವ ಇಯುಎಸ್ ಬಂತು. ನಾಳದೊಳಗೆ ಕೈ ಹಾಕದೆಯೇ ಚಿತ್ರ ಸಿಗತೊಡಗಿತು. ರೋಗಿಗೆ ಇದು ತುಂಬಾ ಒಳ್ಳೆಯದಾಯಿತು. ಕಲಿಯುವವರಿಗೆ ಮಾತ್ರ ಸುಲಭದ ಕೇಸುಗಳೇ ಇಲ್ಲವಾದವು. ಈಗ ಟೇಬಲ್ ಮೇಲೆ ಬರುವವರೆಲ್ಲ ಚಿಕಿತ್ಸೆಗೇ ಬಂದವರು: ಸಿಕ್ಕಿಕೊಂಡ ಕಲ್ಲು, ಗಡ್ಡೆಯಿಂದ ಮುಚ್ಚಿದ ನಾಳ, ಸೋಂಕಿನಿಂದ ನಡುಗುತ್ತಿರುವ ರೋಗಿ.

ಇಲ್ಲಿಯ ಅಪಾಯವೂ ಬೇರೆ. ಇಆರ್‌ಸಿಪಿ ಆದ ನೂರು ಜನರಲ್ಲಿ 3ರಿಂದ 10 ಜನಕ್ಕೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಊತ) ಬರುತ್ತದೆ. ಹೆಚ್ಚಿನವರಿಗೆ ಸಣ್ಣ ಮಟ್ಟದ್ದು, ಕೆಲವರಿಗೆ ಪ್ರಾಣಕ್ಕೇ ಬರುವಂಥದ್ದು. ನೀವು ಎಲ್ಲವನ್ನೂ ಸರಿಯಾಗಿ ಮಾಡಿದರೂ ಬರಬಹುದು. ಹೊಟ್ಟೆ ಹಿಡಿದುಕೊಂಡು ಒದ್ದಾಡುವ ರೋಗಿಯ ಪಕ್ಕ ನಿಂತು, ಅವರ ಮನೆಯವರಿಗೆ "ಇದು ನಾವು ಮಾಡಿದ ಪ್ರೊಸೀಜರ್‌ನಿಂದ ಆಗಿದ್ದು" ಅಂತ ಹೇಳಬೇಕು. ಮೊದಲ ಸಲ ಹಾಗೆ ಹೇಳಬೇಕಾಗಿ ಬಂದಾಗ ನನಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಈ ಕವಲನ್ನು ಆರಿಸುವ ಮುನ್ನ ಈ ಮಾತು ಹೇಳುವ ಜಾಗದಲ್ಲಿ ನಿಮ್ಮನ್ನು ನಿಲ್ಲಿಸಿಕೊಂಡು ನೋಡಿ. ನಾಳಕ್ಕೆ ತಂತಿ ಹೋದಾಗಿನ ಖುಷಿಯನ್ನು ಎಲ್ಲರೂ ಊಹಿಸಿಕೊಂಡಿರುತ್ತಾರೆ.

ಎಷ್ಟು ಕೇಸ್ ಬೇಕು? ಅಮೆರಿಕದ ಎಂಡೋಸ್ಕೋಪಿ ಸಂಘ ಇಆರ್‌ಸಿಪಿಗೆ ಹೇಳುವ ಕನಿಷ್ಠ ಸಂಖ್ಯೆ 200ರ ಆಸುಪಾಸು. ಅಷ್ಟು ಮಾಡಿದ ಮೇಲೆ ಕೈ ಕುದುರಿದೆಯೋ ಇಲ್ಲವೋ ಅಂತ ನೋಡಲು ಶುರು ಮಾಡಿ ಅನ್ನುವ ಅರ್ಥ ಅದಕ್ಕೆ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ದುಪ್ಪಟ್ಟು ಬೇಕು. ಸಾಮಾನ್ಯ ಗ್ಯಾಸ್ಟ್ರೋ ತರಬೇತಿಯ ಒಳಗೆ ಇಷ್ಟು ಸಿಗುವುದು ಕಡಿಮೆ. ಹಾಗಾಗಿ ಬಹಳ ಕಡೆ ಇನ್ನೊಂದು ವರ್ಷದ ಪ್ರತ್ಯೇಕ ಫೆಲೋಶಿಪ್ ಮಾಡುತ್ತಾರೆ. ಕಲಿತ ಮೇಲೂ ಕೇಸುಗಳು ಬರುತ್ತಲೇ ಇರಬೇಕು, ಇಲ್ಲದಿದ್ದರೆ ಕೈ ಮರೆಯುತ್ತದೆ. ಅಂದರೆ ನಿಮ್ಮ ಮುಂದಿನ ಕೆಲಸವೂ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಚಿಕ್ಕ ಊರಿನಲ್ಲಿ ನೆಲೆಸಬೇಕು ಅಂತ ಆಸೆ ಇರುವವರು ಇದನ್ನು ಈಗಲೇ ಯೋಚಿಸಬೇಕು.

ಮೈಗೂ ಪೆಟ್ಟು ಬೀಳುತ್ತದೆ. ಸೀಸದ ಏಪ್ರನ್ ಹೊತ್ತು ಗಂಟೆಗಟ್ಟಲೆ ನಿಂತರೆ ಸೊಂಟ ಹಿಡಿಯುತ್ತದೆ. ಎಕ್ಸ್‌ರೇ ಕಿರಣ ಇದ್ದೇ ಇರುತ್ತದೆ. ಎಡಗೈ ಹೆಬ್ಬೆರಳಿನಿಂದ ಚಕ್ರ ತಿರುಗಿಸಿ ತಿರುಗಿಸಿ ಅಲ್ಲಿಯ ಸ್ನಾಯುರಜ್ಜು ಊದಿಕೊಳ್ಳುವುದು ಎಲ್ಲ ಎಂಡೋಸ್ಕೋಪಿ ಡಾಕ್ಟರುಗಳಿಗೂ ಗೊತ್ತಿರುವ ನೋವು. ಸ್ಕೋಪಿನ ಹಿಡಿ ಒಂದೇ ಅಳತೆಯದ್ದು. ಚಿಕ್ಕ ಕೈಯವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಚಕ್ರ ಸರಿಯಾಗಿ ಎಟುಕುವುದಿಲ್ಲ. ಎಷ್ಟೋ ಕಡೆ ಇದನ್ನು ಅವರ ಕೈಚಳಕದ ಕೊರತೆ ಅಂತ ಅಂದುಬಿಡುತ್ತಾರೆ. ಅದು ಸುಳ್ಳು. ಟೇಬಲ್ ಎತ್ತರ, ಪರದೆಯ ಜಾಗ, ಹಿಡಿಯುವ ರೀತಿ ಸರಿಮಾಡಿದರೆ ಆ ಕೈಗಳು ಯಾರಿಗೂ ಕಡಿಮೆಯಿಲ್ಲದಂತೆ ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ.

ಲಿವರ್

ಲಿವರ್ ಕಡೆ ಹೋಗುವವರನ್ನು "ಸ್ಕೋಪ್ ಬಿಟ್ಟುಬಿಟ್ರಾ?" ಅಂತ ಕೇಳುತ್ತಾರೆ. ಬಿಟ್ಟಿಲ್ಲ. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಇರುವ ರೋಗಿ ಅನ್ನನಾಳದ ಊದಿದ ರಕ್ತನಾಳ ಒಡೆದು ರಕ್ತ ಕಾರಿದಾಗ, ಸ್ಕೋಪ್ ಹಾಕಿ ಬ್ಯಾಂಡ್ ಕಟ್ಟುವುದು ಗ್ಯಾಸ್ಟ್ರೋದಲ್ಲೇ ಅತಿ ಎದೆಗಾರಿಕೆ ಬೇಡುವ ಕೆಲಸಗಳಲ್ಲಿ ಒಂದು. ಆದರೆ ದಿನದ ಬಹುಪಾಲು ಹೋಗುವುದು ಬೇರೆಡೆ: ಐಸಿಯು, ಹೊಟ್ಟೆಯಲ್ಲಿ ತುಂಬಿದ ನೀರು, ಕಿಡ್ನಿ ಕೈಕೊಡುವುದು, ಮಂಪರಿಗೆ ಜಾರುವ ರೋಗಿ, ಕಸಿಯ ಪಟ್ಟಿ.

ಈ ಕ್ಷೇತ್ರ ನನ್ನ ಕಣ್ಣೆದುರೇ ಬದಲಾಯಿತು. ಹೆಪಟೈಟಿಸ್ ಸಿ ಇದ್ದವರಿಗೆ ಒಂದು ಕಾಲದಲ್ಲಿ ಇಂಟರ್‌ಫೆರಾನ್ ಇಂಜೆಕ್ಷನ್, ಅದೂ 24ರಿಂದ 48 ವಾರ. ಜ್ವರ, ಸುಸ್ತು, ಖಿನ್ನತೆ, ಕೊನೆಗೆ ವಾಸಿಯಾಗುತ್ತದೋ ಇಲ್ಲವೋ. 2013ರ ಕೊನೆಯಲ್ಲಿ ಸೊಫೋಸ್‌ಬುವಿರ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ 8ರಿಂದ 12 ವಾರದ ಮಾತ್ರೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಆ ವಾರ್ಡುಗಳನ್ನು ಈಗ ಮದ್ಯ ಮತ್ತು ಕೊಬ್ಬಿನ ಲಿವರ್ ಕಾಯಿಲೆ ತುಂಬುತ್ತಿವೆ. ಕೊಬ್ಬಿನ ಲಿವರ್‌ಗೆ 2023ರಲ್ಲಿ ಹೆಸರೇ ಬದಲಾಯಿತು. ಸಕ್ಕರೆ ಕಾಯಿಲೆ, ತೂಕದ ಜೊತೆಗಿರುವ ನಂಟು ಹೆಸರಲ್ಲೇ ಕಾಣಲಿ ಅಂತ ಎಂಎಎಸ್‌ಎಲ್‌ಡಿ ಅಂತ ಕರೆದರು. ಅಂದರೆ ನಾಳಿನ ಲಿವರ್ ತಜ್ಞರಿಗೆ ವೈರಸ್ ಗೊತ್ತಿದ್ದರೆ ಸಾಲದು. ಕುಡಿತ ಬಿಡಿಸಲು ಕೂತು ಮಾತಾಡುವುದು, ತೂಕ ಇಳಿಸಲು ಜೊತೆಗೆ ನಿಲ್ಲುವುದು ಬರಬೇಕು.

ಥಾಮಸ್ ಸ್ಟಾರ್ಜಲ್ 1963ರಲ್ಲಿ ಮನುಷ್ಯರಿಗೆ ಮೊದಲ ಬಾರಿ ಲಿವರ್ ಕಸಿ ಮಾಡಲು ಯತ್ನಿಸಿದರು. ಆ ರೋಗಿ ಉಳಿಯಲಿಲ್ಲ. 1967ರಲ್ಲಿ ಮೊದಲ ಯಶಸ್ಸು ಸಿಕ್ಕಿತು. ಇವತ್ತು ಕಸಿ ನಡೆಯುವ ಆಸ್ಪತ್ರೆಯಲ್ಲಿ ಕಲಿಯುವುದಕ್ಕೂ ನಡೆಯದ ಆಸ್ಪತ್ರೆಯಲ್ಲಿ ಕಲಿಯುವುದಕ್ಕೂ ಅಜಗಜಾಂತರ. ಲಿವರ್ ಬೇಕು ಅನ್ನುವವರು ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಯಾರಿಗೆ ಕಸಿ ಮಾಡಬೇಕು, ಯಾರಿಗೆ ಬೇಡ, ಯಾವಾಗ ತಡವಾಯಿತು ಅನ್ನುವ ಚರ್ಚೆಯಲ್ಲಿ ಕೂತವರೇ ಅದನ್ನು ಕಲಿಯುತ್ತಾರೆ. ಓದಿನಿಂದ ಅದು ಬರುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಪ್ರತ್ಯೇಕ ವರ್ಷ ಇದೆ. ಭಾರತದಲ್ಲಿ ಹೆಪಟಾಲಜಿಗೇ ಬೇರೆ ಡಿ.ಎಂ. ಇದೆ.

ಸಾವು ಇಲ್ಲಿ ಹತ್ತಿರದಲ್ಲೇ ಇರುತ್ತದೆ. ನಲವತ್ತು ದಾಟದ ರೋಗಿ, ಕಸಿಗೆ ಲಿವರ್ ಸಿಗದೆ, ನಿಮ್ಮ ಹೆಸರು ಹಿಡಿದು ಕರೆಯುತ್ತಲೇ ಹೋಗಿಬಿಡಬಹುದು. ಅದೇ ವಾರ ಕಸಿಯಾದ ಇನ್ನೊಬ್ಬರು ನಡೆದುಕೊಂಡು ಓಪಿಡಿಗೆ ಬರಬಹುದು. ಎರಡನ್ನೂ ಹೊರುವ ಮನಸ್ಸು ಇರುವವರಿಗೆ ಇದಕ್ಕಿಂತ ತೃಪ್ತಿಯ ಕೆಲಸ ಇಲ್ಲ ಅಂತ ನನ್ನ ನಂಬಿಕೆ.

ಐಬಿಡಿ, ಮತ್ತು ಯಾರೂ ಕೇಳದ ಮೊಟಿಲಿಟಿ

ಐಬಿಡಿ ಅಂದರೆ ಕರುಳು ವರ್ಷಗಟ್ಟಲೆ ಊದಿಕೊಂಡು ಹುಣ್ಣಾಗುವ ಕಾಯಿಲೆಗಳು, ಕ್ರೋನ್ಸ್ ಅವುಗಳಲ್ಲಿ ಒಂದು. ಕ್ರೋನ್ಸ್ ಕಾಯಿಲೆಯ ಹೆಸರಾಂತ ವರದಿ ಬಂದಿದ್ದು 1932ರಲ್ಲಿ. ಅದಕ್ಕೆ ಮೊದಲ ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸುವ) ಔಷಧಿ ಇನ್‌ಫ್ಲಿಕ್ಸಿಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಆಮೇಲೆ ಔಷಧಿಗಳು ಸಾಲುಸಾಲಾಗಿ ಬಂದವು. ಐಬಿಡಿ ರೋಗಿಗಳಲ್ಲಿ ಬಹಳ ಜನ ಹರೆಯದವರು. ಓದು, ಮದುವೆ, ಬಸುರಿ, ಕೆಲಸ ಎಲ್ಲದರ ಮಧ್ಯೆ ಅವರ ಕಾಯಿಲೆ ಏಳುತ್ತದೆ, ಬೀಳುತ್ತದೆ. ಒಬ್ಬ ರೋಗಿಯನ್ನು ಇಪ್ಪತ್ತು ವರ್ಷ ನೋಡುವುದು ಇಲ್ಲಿ ಸಹಜ. ಕ್ಷಯ ಹೆಚ್ಚಿರುವ ದೇಶಗಳಲ್ಲಿ ಇನ್ನೊಂದು ತೊಡಕು: ಕರುಳಿನ ಟಿಬಿ ಮತ್ತು ಕ್ರೋನ್ಸ್ ನೋಡಲು ಒಂದೇ ತರಹ. ತಪ್ಪು ತಿಳಿದು ಟಿಬಿಗೆ ಇಮ್ಯುನಿಟಿ ಇಳಿಸುವ ಔಷಧಿ ಕೊಟ್ಟರೆ ಅನಾಹುತ. ಈ ಕವಲಿಗೆ ಸೆಂಟರ್ ಆರಿಸುವಾಗ ಒಂದೇ ಒಂದು ಕೇಳಿ: ಸರ್ಜನ್, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಕೂರುತ್ತಾರಾ?

ಮೊಟಿಲಿಟಿ ಅಂದರೆ ಕರುಳಿನ ಚಲನೆಯ ತೊಂದರೆಗಳು. ನುಂಗಿದ್ದು ಇಳಿಯದವರು, ಹೊಟ್ಟೆ ಖಾಲಿಯಾಗದವರು, ಕಾರಣ ಕಾಣದೆ ಹೊಟ್ಟೆನೋವು, ಭೇದಿ ಕಾಡುವ ಐಬಿಎಸ್‌ನವರು, ಮಲಬದ್ಧತೆಯಿಂದ ಬಳಲಿದವರು. ಓಪಿಡಿಯಲ್ಲಿ ಇವರ ಸಾಲೇ ಉದ್ದ. ಆದರೂ ಇದನ್ನು ಕಲಿಯಲು ಬರುವವರು ಕಡಿಮೆ. "ಎಲ್ಲ ರಿಪೋರ್ಟ್ ನಾರ್ಮಲ್, ನಿಮಗೆ ಏನೂ ಇಲ್ಲ" ಅಂತ ಕೇಳಿ ಕೇಳಿ ಸೋತವರು ಇವರು. 2016ರ ರೋಮ್ 4 ಮಾನದಂಡಗಳು ಇವನ್ನು ಕರುಳು ಮತ್ತು ಮೆದುಳಿನ ನಡುವಿನ ಸಂವಹನದ ತೊಂದರೆಗಳು ಅಂತ ಕರೆದವು. ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಪರೀಕ್ಷೆ ಓದಲು ಚಿಕಾಗೋ ವರ್ಗೀಕರಣ ಇದೆ, 2021ರಲ್ಲಿ ಅದರ ನಾಲ್ಕನೇ ಆವೃತ್ತಿ ಬಂತು. ಸ್ಕೋಪ್ ಕೈಚಳಕ ಬೇಕು ಅನ್ನುವವರಿಗೂ ಇಲ್ಲಿ ದಾರಿ ಇದೆ. ಜಪಾನಿನ ಹರುಹಿರೊ ಇನೌಯೆ 2008ರಲ್ಲಿ ಶುರು ಮಾಡಿದ ಪೋಯೆಮ್ ಪ್ರೊಸೀಜರ್‌ನಲ್ಲಿ ಅನ್ನನಾಳದ ಗೋಡೆಯೊಳಗೇ ಸುರಂಗ ಕೊರೆದು ಬಿಗಿದ ಸ್ನಾಯು ಕತ್ತರಿಸುತ್ತಾರೆ. ಮ್ಯಾನೊಮೆಟ್ರಿ ಓದಲು ಬರುವ ಕೈಯಲ್ಲಿ ಆ ಚಾಕು ಇದ್ದರೆ ರೋಗಿಗೆ ಎಷ್ಟು ಒಳ್ಳೆಯದು ಅಲ್ವಾ? ಯಾವ ಕವಲು ಅಂತ ಮನಸ್ಸು ತೂಗಾಡುತ್ತಿರುವವರು ದಯವಿಟ್ಟು ಈ ಕಡೆಗೂ ಒಮ್ಮೆ ನೋಡಿ.

ಮಕ್ಕಳ ಗ್ಯಾಸ್ಟ್ರೋಗೆ ಬಾಗಿಲು ಪೀಡಿಯಾಟ್ರಿಕ್ಸ್, ಸರ್ಜಿಕಲ್ ಗ್ಯಾಸ್ಟ್ರೋಗೆ ಬಾಗಿಲು ಸರ್ಜರಿ. ಮೆಡಿಸಿನ್ ಸೇರಿದ ಮೇಲೆ ಆ ಕಡೆ ಹಾರುವುದು ಸುಲಭವಿಲ್ಲ. ಹಾಗಾಗಿ ಆ ಆಸೆ ಇರುವವರು ಪಿಜಿಗೆ ಮುಂಚೆಯೇ ತೀರ್ಮಾನ ಮಾಡಬೇಕು.

ಸೆಂಟರ್: ದೊಡ್ಡ ಹೆಸರೋ, ಕೈಗೆ ಸಿಗುವ ಸ್ಕೋಪೋ

ದೊಡ್ಡ ಸೆಂಟರಿನಲ್ಲಿ ಅಪರೂಪದ ಕೇಸು ಬರುತ್ತದೆ, ಹೊಸ ಯಂತ್ರ ಬರುತ್ತದೆ, ಹೆಸರಾಂತ ಗುರುಗಳಿರುತ್ತಾರೆ. ಆದರೆ ಅಲ್ಲಿ ಮುಂದುವರಿದ ಎಂಡೋಸ್ಕೋಪಿಗೆ ಬಂದ ಫೆಲೋಗಳೂ ಇರುತ್ತಾರೆ. ಇಆರ್‌ಸಿಪಿ ಅವರ ಪಾಲು. ನೀವು ಮೂಲ ತರಬೇತಿಯವರಾದರೆ ಪರದೆ ನೋಡುತ್ತಾ ನಿಲ್ಲುವುದೇ ಜಾಸ್ತಿ. ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಕೇಸುಗಳ ವೈವಿಧ್ಯ ಕಡಿಮೆ, ಆದರೆ ರಾತ್ರಿ ಎರಡಕ್ಕೆ ರಕ್ತವಾಂತಿ ಬಂದರೆ ಸ್ಕೋಪ್ ನಿಮ್ಮ ಕೈಯಲ್ಲೇ. ನನ್ನನ್ನು ಕೇಳಿದರೆ, ಮೂಲ ತರಬೇತಿಗೆ ಎರಡನೆಯದು, ಅದರ ಮೇಲಿನ ಫೆಲೋಶಿಪ್‌ಗೆ ಮೊದಲನೆಯದು. ಲಿವರ್ ಕಸಿ ಮಾತ್ರ ಇದಕ್ಕೆ ಹೊರತು. ಅದಕ್ಕೆ ಮೊದಲಿಂದಲೇ ದೊಡ್ಡ ಸೆಂಟರ್ ಬೇಕು.

ನಾನು ಕಲಿತ ಒಂದು ಕಡೆ ಲಾಗ್‌ಬುಕ್ಕಿನಲ್ಲಿ ಕೇಸುಗಳ ಸಂಖ್ಯೆ ಚೆನ್ನಾಗಿ ಕಾಣುತ್ತಿತ್ತು. ಸ್ಕೋಪ್ ಐದು ನಿಮಿಷ ಹಿಡಿದಿದ್ದರೂ ಅದು ಒಂದು ಕೇಸ್ ಅಂತಲೇ ಲೆಕ್ಕ. ಅಲ್ಲಿಂದ ಹೊರಬಂದ ಮೇಲೆ ಮೊದಲ ಕೆಲವು ತಿಂಗಳು ನಾನು ಪಟ್ಟ ಭಯ ನಿಮಗೆ ಬೇಡ. ಹಾಗಾಗಿ "ಎಷ್ಟು ಕೇಸ್?" ಅಂತ ಕೇಳಬೇಡಿ. "ಶುರುವಿನಿಂದ ಕೊನೆಯವರೆಗೆ ಟ್ರೇನಿಯೇ ಮಾಡಿದ್ದು ಎಷ್ಟು?" ಅಂತ ಕೇಳಿ. ಬ್ರಿಟನ್ನಿನಲ್ಲಿ ಕೊಲೊನೋಸ್ಕೋಪಿ ಸರ್ಟಿಫಿಕೇಟಿಗೆ ಸಂಖ್ಯೆಯ ಜೊತೆಗೆ, ಯಾರ ಸಹಾಯವೂ ಇಲ್ಲದೆ ದೊಡ್ಡ ಕರುಳಿನ ತುದಿ ಮುಟ್ಟಿದ ಪ್ರಮಾಣ 90% ಇರಬೇಕು ಅನ್ನುತ್ತಾರೆ. "ಸಹಾಯ ಇಲ್ಲದೆ" ಅನ್ನುವ ಮಾತಿನಲ್ಲೇ ಎಲ್ಲ ಇದೆ.

ಕಲಿಸುವ ರೀತಿಯನ್ನೂ ನೋಡಿ. ಕರುಳಿನೊಳಗೆ ಸ್ಕೋಪ್ ಸುತ್ತು ಬಿದ್ದಾಗ ಸೀನಿಯರ್ ಸ್ಕೋಪ್ ಕಿತ್ತುಕೊಳ್ಳುತ್ತಾರಾ, ಅಥವಾ ಸುತ್ತು ಬಿಡಿಸುವುದನ್ನು ಮಾತಿನಲ್ಲಿ ಹೇಳಿಕೊಡುತ್ತಾರಾ? ಸುತ್ತು ಹೇಗೆ ಬಿದ್ದಿದೆ ಅಂತ ತೋರಿಸುವ ಮ್ಯಾಗ್ನೆಟಿಕ್ ಇಮೇಜರ್ ಇದ್ದರೆ ಕಲಿಕೆ ಬೇಗ ಆಗುತ್ತದೆ. ಗಡ್ಡೆ ತೋರಿಸಿಕೊಡುವ ಎಐ ಪರದೆ ಇದೆ ಅಂತ ಮಾತ್ರ ಮಾರುಹೋಗಬೇಡಿ. 2025ರಲ್ಲಿ ಪೋಲೆಂಡಿನಿಂದ ಬಂದ ಅಧ್ಯಯನದಲ್ಲಿ, ಎಐ ಬಳಸಿ ರೂಢಿಯಾದ ಅನುಭವಿ ಡಾಕ್ಟರುಗಳು ಅದಿಲ್ಲದೆ ಮಾಡಿದಾಗ ಅಡಿನೋಮಾ ಸಿಗುವ ಪ್ರಮಾಣ ಸುಮಾರು 28%ನಿಂದ 22%ಕ್ಕೆ ಇಳಿದಿತ್ತು. ಅನುಭವಿಗಳ ಕಣ್ಣೇ ಹೀಗಾದರೆ ಇನ್ನೂ ಪಳಗದ ಕಣ್ಣಿನ ಗತಿ ಏನು? ಮೊದಲು ಬರಿಗಣ್ಣಲ್ಲಿ ಕಲಿಸುವ ಜಾಗವನ್ನೇ ನಾನು ಆರಿಸುತ್ತೇನೆ.

ತಪ್ಪಾದಾಗ ಏನಾಗುತ್ತದೆ ಅಂತಲೂ ಕೇಳಿ. ಕರುಳು ತೂತಾದ ಕೇಸನ್ನು ಎಲ್ಲರೆದುರು ಇಟ್ಟು, ಯಾರನ್ನೂ ಹೀಯಾಳಿಸದೆ ಚರ್ಚಿಸುವ ಸಭೆ ಇದೆಯಾ? ಟ್ರೇನಿಯ ತಪ್ಪಿಗೆ ಟ್ರೇನಿಯನ್ನೇ ಮುಂದೆ ತಳ್ಳುವ ಜಾಗದಲ್ಲಿ ಯಾರೂ ಕಲಿಯುವುದಿಲ್ಲ, ತಪ್ಪು ಮುಚ್ಚಿಡುವುದನ್ನು ಕಲಿಯುತ್ತಾರೆ. ಬಸುರಿ ಟ್ರೇನಿಗೆ ಎಕ್ಸ್‌ರೇ ಕೆಲಸದಿಂದ ದೂರ ಇರಲು, ಆಮೇಲೆ ಆ ಕೇಸುಗಳನ್ನು ತುಂಬಿಸಿಕೊಳ್ಳಲು ಏರ್ಪಾಡು ಇದೆಯಾ ಅನ್ನುವುದೂ ಅಷ್ಟೇ ಮುಖ್ಯ. ಗಂಡಸರೂ ಇದನ್ನು ಕೇಳಬೇಕು. ಉತ್ತರದಲ್ಲಿ ಆ ವಿಭಾಗ ತನ್ನ ಜನರನ್ನು ಹೇಗೆ ನೋಡಿಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ.

ಈ ಪ್ರಶ್ನೆಗಳನ್ನು ವಿಭಾಗದ ಮುಖ್ಯಸ್ಥರಿಗೆ ಕೇಳಿದರೆ ಒಳ್ಳೆಯ ಉತ್ತರವೇ ಸಿಗುತ್ತದೆ. ಹೋದ ವರ್ಷ ಮುಗಿಸಿ ಹೊರಗೆ ಹೋದವರನ್ನು ಹುಡುಕಿ. ಒಳಗೆ ಇರುವವರಿಗೆ ಮಾತಾಡಲು ಅಂಜಿಕೆ ಇರುತ್ತದೆ, ಹೊರಗೆ ಹೋದವರಿಗೆ ಇರುವುದಿಲ್ಲ. ಸಾಧ್ಯವಾದರೆ ಒಂದು ವಾರ ರಜೆ ಹಾಕಿ ಅಲ್ಲಿಗೇ ಹೋಗಿ ನಿಂತು ನೋಡಿ. ಸ್ಕೋಪ್ ರೂಮಿನಲ್ಲಿ ಅರ್ಧ ದಿನ ಸಾಕು. ಉಳಿದ ದಿನ ಓಪಿಡಿಯಲ್ಲಿ, ವಾರ್ಡಿನಲ್ಲಿ, ಸಂಜೆ ಮನೆಯವರ ಜೊತೆ ಮಾತಾಡುವ ಕೋಣೆಯಲ್ಲಿ ಕೂತುಕೊಳ್ಳಿ. ಹೊರಗೆ ಹೋದವರು ಸಿಕ್ಕಾಗ ಇದನ್ನು ಕೇಳುವುದು ಮರೆಯಬೇಡಿ: "ಕೋರ್ಸ್ ಮುಗಿದ ಮಾರನೇ ದಿನ, ಸೀನಿಯರ್ ಇಲ್ಲದ ಆಸ್ಪತ್ರೆಯಲ್ಲಿ, ರಕ್ತ ಕಾರುವ ಸಿರೋಸಿಸ್ ರೋಗಿ ಬಂದಿದ್ದರೆ ನೀವೊಬ್ಬರೇ ಬ್ಯಾಂಡ್ ಹಾಕುತ್ತಿದ್ರಾ?" ಉತ್ತರ ಕೊಡುವ ಮುಂಚೆ ಅವರು ಎಷ್ಟು ಹೊತ್ತು ಸುಮ್ಮನಿದ್ದರು ಅನ್ನುವುದನ್ನೂ ಗಮನಿಸಿ.